ಮಂದಾರಿಕಾ ನಾಟಕದ ಎರಡನೆಯ ಅರ್ಧ

ಮೂಡಲಗಿಯ ಕುಂಥುನಾಥ ಮುಂಬಯಿಯಲ್ಲಿ ಎಂಟು ವರ್ಷ ಇದ್ದ. ಆ ಎಂಟು ವರ್ಷಗಳಲ್ಲಿ ಅವನು ನೋಡಿದ ಸಂಗೀತ ನಾಟಕಗಳಿಗೆ ಲೆಕ್ಕವಿಲ್ಲ, ಕೊನೆಯ ಪರದೆ ಬೀಳುವವರೆಗೆ ಕೂತು ನೋಡಿದ್ದು ಒಂದೂ ಇಲ್ಲ. ಊರಿನಲ್ಲಿ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ರಜೆಗೆ ಬಂದಾಗಲೆಲ್ಲ ಅವನು ಕಟ್ಟೆಯ ಮೇಲೆ ಕುಳಿತು ನಾಂದಿಯಿಂದ ಮಂಗಳದವರೆಗೆ ಇಡೀ ನಾಟಕ ಹೇಳುತ್ತಿದ್ದ, ನಡುನಡುವೆ ಪದಗಳನ್ನು ಹಾಡಿಯೂ ತೋರಿಸುತ್ತಿದ್ದ. ಅರ್ಧಕ್ಕೇ ಎದ್ದು ಬಂದೆ ಎಂದು ಹೇಳಿಕೊಳ್ಳಲು ನಾಟಕದ ಹುಚ್ಚಿನವರಿಗೆ ಎಲ್ಲಿ ಬಾಯಿ ಬರುತ್ತದೆ?

ಅವನು ಮುಂಬಯಿ ಸೇರಿದ್ದು ೧೯೧೯ರಲ್ಲಿ. ಹಿಂದಿನ ವರ್ಷದ ಜ್ವರದ ಬೇನೆ ತಂದೆಯನ್ನು ಎತ್ತಿಕೊಂಡು ಹೋಗಿತ್ತು. ಹೊಲವನ್ನು ಕಾಕಾ ನೋಡಿಕೊಂಡ. ಮನೆಯಲ್ಲಿ ತಾಯಿ ಜಿನ್ನವ್ವ, ಜೊತೆಗೆ ದಡ್ಡಿ ಎಂಬ ಊರಿನಿಂದ ಹೊಸದಾಗಿ ಮದುವೆಯಾಗಿ ಬಂದ ಹೆಂಡತಿ ರಾಜಮತಿ ಉಳಿದರು. ಮುಂಬಯಿಯಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದ ಜೈನ ಸಮಾಜದವರೊಬ್ಬರು ಕುಂಥುನಾಥನನ್ನು ಗುಮಾಸ್ತನನ್ನಾಗಿ ಕರೆದುಕೊಂಡರು. ಇರುವುದಕ್ಕೆ ಜೈನರ ಒಂದು ಬೋರ್ಡಿಂಗಿನಲ್ಲಿ ಚಾಪೆಯಷ್ಟು ಜಾಗ ಸಿಕ್ಕಿತು. ಅಲ್ಲಿ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ರಾತ್ರಿ ಹನ್ನೊಂದಕ್ಕೆ ದೊಡ್ಡ ಬಾಗಿಲಿಗೆ ಕೀಲಿ ಬೀಳಬೇಕು. ಎರಡು ಸಲ ತಡಮಾಡಿ ಬಂದವನ ಟ್ರಂಕು ಮೂರನೆಯ ಸಲ ಅಂಗಳದಲ್ಲಿರುತ್ತಿತ್ತು.

ಪಗಾರದಲ್ಲಿ ಊರಿಗೆ ಕಳಿಸಿ, ಊಟಕ್ಕೆ ಕೊಟ್ಟು ಉಳಿಯುತ್ತಿದ್ದುದು ಊದಿದರೆ ಹಾರಿಹೋಗುವಷ್ಟು. ಆದರೂ ಆ ಊರಿನಲ್ಲಿ ಕಿವಿಯಿದ್ದವನು ಉಪವಾಸ ಇರಬೇಕಾಗಿರಲಿಲ್ಲ. ಸಮುದ್ರದ ದಂಡೆಯಲ್ಲಿ ಸಂಜೆ ಬ್ಯಾಂಡು ಬಾರಿಸುತ್ತಿದ್ದರು, ಅದು ಪುಕ್ಕಟೆ. ಗಣಪತಿ ಹಬ್ಬದಲ್ಲಿ ಚಾಳುಗಳ ಅಂಗಳದಲ್ಲಿ ಹೆಸರುವಾಸಿ ಗವಾಯಿಗಳು ಹಾಡುತ್ತಿದ್ದರು, ಅದೂ ಪುಕ್ಕಟೆ. ಗ್ರಾಮೋಫೋನ್ ಅಂಗಡಿಯ ಮುಂದೆ ನಿಂತು ಗಿರಾಕಿಯಂತೆ ಮುಖ ಮಾಡಿದರೆ ಎರಡು ತಟ್ಟೆಯಾದರೂ ಕೇಳಬಹುದಿತ್ತು. ತಿಂಗಳಾದ ಮೇಲೆ ಅಂಗಡಿಯವನು ಇವನ ಟೊಪ್ಪಿಗೆಯನ್ನು ದೂರದಿಂದಲೇ ಗುರುತಿಸಿ ಅರ್ಧ ಬಾಗಿಲು ಮುಚ್ಚತೊಡಗಿದ್ದು ಬೇರೆ ಮಾತು. ಹಾಡಿನ ಶಾಲೆಯೊಂದರ ಕಿಟಕಿಯ ಕೆಳಗೆ ಒಂದು ಕಲ್ಲಿತ್ತು. ಬೆಳಗಿನ ಹೊತ್ತು ಅದರ ಮೇಲೆ ಕುಳಿತು ಪಾಠ ಕೇಳಿ, ಒಳಗಿನ ಹುಡುಗರಿಗಿಂತ ಮೊದಲು ಇವನಿಗೇ ಬಾಯಿಪಾಠ ಬಂದಿತ್ತು. ಪುಕ್ಕಟೆ ಸಿಗದಿದ್ದದ್ದು ನಾಟಕ ಒಂದೇ.

ಮುಂದಿನ ನೆಲದ ಜಾಗಕ್ಕೆ ಎಂಟಾಣೆ. ಎಂಟೂವರೆಗೆ ಶುರುವಾದರೆ ಮುಗಿಯುವುದು ಎರಡಕ್ಕೆ. ಹತ್ತೂವರೆಯ ಸುಮಾರಿಗೆ ನಡುವಿನ ಬಿಡುವು. ಹೊರಗೆ ಹೋಗುವವರಿಗೆ ಬಾಗಿಲಲ್ಲಿ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದರು, ಅದನ್ನು ತೋರಿಸಿದರೆ ಮತ್ತೆ ಒಳಗೆ ಬಿಡುತ್ತಿದ್ದರು. ಮೊದಲನೆಯ ಸಲ ಕುಂಥುನಾಥ ಆ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತುಬಿಟ್ಟ. ಒಳಗೆ ಹೋದರೆ ಬೋರ್ಡಿಂಗು ಹೋಗುತ್ತದೆ, ಹೋಗದಿದ್ದರೆ ಉಳಿದ ನಾಲ್ಕಾಣೆಯ ನಾಟಕ ನೀರಿಗೆ ಬೀಳುತ್ತದೆ. ಆಗ ಎದುರಿನ ಕಟ್ಟೆಯಿಂದ ಯಾರೋ ಒಬ್ಬ ಟಾಂಗಾದವನನ್ನು ಅಚ್ಚ ಗೋಕಾಕದ ಕನ್ನಡದಲ್ಲಿ ಬೈಯುವುದು ಕೇಳಿಸಿತು.

ಬೈಯುತ್ತಿದ್ದವನು ಮಾಲಿಂಗಪ್ಪ, ಅರಭಾವಿಯ ಕುರುಬ. ಹೆಗಲ ಮೇಲೆ ಕಂಬಳಿಗಳನ್ನು ಹೊತ್ತು ಮಾರಲು ಬಂದವನು, ಮಾರಿದ ಮೇಲೆ ಬಂದರಿನ ಹತ್ತಿರ ಉಣ್ಣೆಯ ವಖಾರಿಯಲ್ಲಿ ಗಂಟು ಕಟ್ಟುವ ಕೆಲಸಕ್ಕೆ ನಿಂತಿದ್ದ. ಕೆಲಸ ಬಿಡುವುದು ರಾತ್ರಿ ಹತ್ತಕ್ಕೆ. ಇಬ್ಬರೂ ಹತ್ತು ನಿಮಿಷ ಊರಿನ ಮಾತಾಡಿದರು. ಮಾಲಿಂಗಪ್ಪನಿಗೆ ದೊಡ್ಡಾಟ, ಡೊಳ್ಳಿನ ಪದ ಎಂದರೆ ಪ್ರಾಣ, ಮರಾಠಿ ನಾಟಕ ಇನ್ನೂ ನೋಡಿರಲಿಲ್ಲ. ಕುಂಥುನಾಥ ಬಿಲ್ಲೆಯನ್ನು ಅವನ ಕೈಗಿಟ್ಟ. ಮುಂದಿನ ಶನಿವಾರದಿಂದ ಅದೇ ಒಪ್ಪಂದವಾಯಿತು: ಟಿಕೇಟು ಒಂದು, ರೊಕ್ಕ ಇಬ್ಬರದು, ಮೊದಲ ಅರ್ಧ ಕುಂಥುನಾಥನಿಗೆ, ಎರಡನೆಯ ಅರ್ಧ ಮಾಲಿಂಗಪ್ಪನಿಗೆ. ರವಿವಾರ ಬೆಳಿಗ್ಗೆ ಬಾಗು ಎಂದು ಕರೆಯುವ ತೋಟದ ಕಲ್ಲುಬೆಂಚಿನ ಮೇಲೆ ಕುಳಿತು ತಂತಮ್ಮ ಅರ್ಧವನ್ನು ಒಬ್ಬರಿಗೊಬ್ಬರು ಹೇಳಬೇಕು.

ಆ ರವಿವಾರಗಳು ಕುಂಥುನಾಥನ ಬದುಕಿನ ಸುಖದ ದಿನಗಳು. ಮೊದಲು ಅವನು ತನ್ನ ಅರ್ಧ ಹೇಳುತ್ತಿದ್ದ, ಪಾತ್ರ, ಮಾತು, ಪದ, ಪರದೆಯ ಮೇಲಿನ ಚಿತ್ರ ಒಂದನ್ನೂ ಬಿಡದೆ. ಮಾಲಿಂಗಪ್ಪ ಹುರಿದ ಶೇಂಗಾ ಸುಲಿಯುತ್ತ ಕೇಳುತ್ತಿದ್ದ. ಆಮೇಲೆ ಎದ್ದು ನಿಂತು, ಕೈಯಲ್ಲಿ ಇಲ್ಲದ ಕೋಲನ್ನು ಊರಿಕೊಂಡು, ಉಳಿದದ್ದನ್ನು ಹೇಳುತ್ತಿದ್ದ. ಅವನ ಅರ್ಧದಲ್ಲಿ ಸತ್ತವರು ಎದ್ದು ಕೂಡುತ್ತಿದ್ದರು, ಕಳೆದುಹೋದವರು ಊರು ಮುಟ್ಟುತ್ತಿದ್ದರು, ರಾಜ ತಪ್ಪೊಪ್ಪಿಕೊಂಡು ಹೊಲ ಬರೆದುಕೊಡುತ್ತಿದ್ದ. ಅಯೋಧ್ಯೆಯ ರಾಜನೂ ಉಜ್ಜಯಿನಿಯ ರಾಜನೂ ಎರಡನೆಯ ಅರ್ಧಕ್ಕೆ ಬಂದರೆ ಸಾಕು, ಪ್ರಜೆಗಳ ಕುರಿ ಹೇಗಿವೆ ಎಂದು ವಿಚಾರಿಸುತ್ತಿದ್ದರು. ಹೇಳುವವನ ಬಾಯಿಯ ಗುಣ ಎಂದು ಕುಂಥುನಾಥ ನಗುತ್ತಿದ್ದ. ನಾಟಕದ ಹಾಡಿನ ಪುಸ್ತಕ ಎರಡಾಣೆಗೆ ಸಿಗುತ್ತಿತ್ತು, ಅದನ್ನು ಕೊಂಡರೆ ಮುಂದಿನ ಶನಿವಾರಕ್ಕೆ ಕಡಿಮೆ ಬೀಳುತ್ತದೆ, ಆದ್ದರಿಂದ ಕೊಳ್ಳಲಿಲ್ಲ. ಬೋರ್ಡಿಂಗಿನಲ್ಲಿ ನಾಟಕದ ಮಾತೆತ್ತುವಂತಿರಲಿಲ್ಲ. ಮಾಲಿಂಗಪ್ಪ ಹೇಳಿದ್ದೇ ಅವನಿಗೆ ನಾಟಕ.

೧೯೨೩ರ ಭಾದ್ರಪದದಲ್ಲಿ ದಶಲಕ್ಷಣ ಪರ್ವಕ್ಕೆ ಊರಿಗೆ ಬಂದ. ಪರ್ವ ಮುಗಿದ ಮರುದಿನ ಮಧ್ಯಾಹ್ನ ಪಡಸಾಲೆಯ ತುಂಬ ನೆಂಟರು, ನೆರೆಯವರು. ರಾಜಮತಿಯ ಅಣ್ಣ ಶಾಂತಿನಾಥನೂ ದಡ್ಡಿಯಿಂದ ಬಂದಿದ್ದ. ಕುಂಥುನಾಥ ಹೊಸ ನಾಟಕದ ಪದವೊಂದನ್ನು ಹಾಡಿ, ಸ್ತ್ರೀಪಾತ್ರದ ನಟ ಹೇಗೆ ಸೀರೆಯ ನಿರಿಗೆ ಹಿಡಿದು ನಡೆಯುತ್ತಾನೆ ಎಂದು ವರ್ಣಿಸುತ್ತಿದ್ದ. ಒಂದೇ ಒಂದು ಸಲ ತನ್ನನ್ನೂ ಕರೆದುಕೊಂಡು ಹೋಗಿ ಒಂದು ನಾಟಕ ತೋರಿಸಿ ಎಂದು ರಾಜಮತಿ ಮೂರು ವರ್ಷದಿಂದ ಕೇಳುತ್ತಿದ್ದಳು. ಅಂದು ಎಲ್ಲರ ಎದುರಿಗೇ ಅಂದುಬಿಟ್ಟಳು:

“ಗಂಡಸರು ಸೀರಿ ಉಟ್ಟು ನಿಂತದ್ದ ನೋಡಾಕ ಇವರು ಅಷ್ಟ ದೂರ ಇರ್ತಾರ. ನಾ ಖರೇನ ಸೀರಿ ಉಟ್ಟಾಕಿ, ನನಗ ಘಟಪ್ರಭಾ ಟೇಶನ್ನ ಸುದ್ದಾ ತೋರಿಸಿಲ್ಲ.”

ಪಡಸಾಲೆ ನಕ್ಕಿತು. ಕುಂಥುನಾಥ ಆ ನಗೆಯನ್ನು ನುಂಗಿಕೊಂಡು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ತನ್ನ ಮನೆಯಲ್ಲಿ, ತನ್ನ ನಾಟಕದ ನಡುವೆ, ಇನ್ನೊಬ್ಬರು ನಗೆ ಗಿಟ್ಟಿಸಿದ್ದು ಅವನಿಗೆ ತಡೆಯಲಿಲ್ಲ. ಎದ್ದು ನಿಂತು, ಆ ನಟ ಉಟ್ಟಂತೆ ಉಡಲು ಮೊದಲು ಕಲಿ, ಆಮೇಲೆ ಕರೆದೊಯ್ಯುತ್ತೇನೆ ಎಂದ. ಅಷ್ಟಕ್ಕೇ ಬಿಡಲಿಲ್ಲ. ನಟ ಹೇಗೆ ನಡೆಯುತ್ತಾನೆ ಎಂದು ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದು ತೋರಿಸಿದ. ಹೊಳ್ಳುವಾಗ ರಾಜಮತಿ ಬಗಲಲ್ಲಿ ಕೊಡ ಇಟ್ಟುಕೊಂಡು ಕಾಲೆಳೆಯುತ್ತ ಬರುವುದನ್ನು ನಡೆದು ತೋರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಿನ್ನವ್ವನೂ ನಕ್ಕಳು. ರಾಜಮತಿ ನಗಲಿಲ್ಲ, ಅಳಲೂ ಇಲ್ಲ. ಮರುದಿನ ಬೆಳಿಗ್ಗೆ ಶಾಂತಿನಾಥನ ಬಂಡಿಯಲ್ಲಿ ಕುಳಿತು ದಡ್ಡಿಗೆ ಹೋದಳು.

ಮುನಿಸಿಕೊಂಡು ತವರಿಗೆ ಹೋದ ಸೊಸೆಯನ್ನು ಗಂಡನ ಮನೆಯವರು ಹೋಗಿ ಕರೆದು ತರಬೇಕು. ಈ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕರೆಯದೆ ಅವಳೇ ಬಂದರೆ ಅವಳಿಗೂ ಅವಳ ತವರಿಗೂ ಮುಖವಿಲ್ಲ. ಮುಂಬಯಿಗೆ ಹೊರಡುವ ಮೊದಲು ದಡ್ಡಿಗೆ ಹೋಗಿ ಬರಬೇಕೆಂದು ಕುಂಥುನಾಥನ ಮನಸ್ಸಿನಲ್ಲಿತ್ತು. ಆದರೆ ಜಿನ್ನವ್ವ, ತಾನಾಗಿ ಹೋದವಳು ತಾನಾಗಿ ಬರಲಿ ಎಂದಳು. ಅವನು ನಾಳೆ ನಾಳೆ ಎನ್ನುತ್ತ ರೈಲು ಹತ್ತಿದ. ಹತ್ತಿದ ಮೇಲೆ ಮನಸ್ಸು ಎರಡಾಯಿತು. ಈಗ ಕಾಗದ ಬರೆದರೆ ಸಣ್ಣವನಾಗುತ್ತೇನೆ, ಬರೆಯದಿದ್ದರೆ ಏನಾಗುತ್ತೇನೋ ಗೊತ್ತಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಇಂಥದ್ದನ್ನು ಕೇಳುವಷ್ಟು ಸಲಿಗೆಯವರು ಆ ಊರಿನಲ್ಲಿ ಒಬ್ಬನೇ, ಮಾಲಿಂಗಪ್ಪ. ಅವನಿಗೂ ಹೇಳಲು ನಾಚಿಕೆ.

ಆ ಶನಿವಾರ ಆಡಿದ ನಾಟಕ “ಸಂಗೀತ ಮಂದಾರಿಕಾ”. ಉಜ್ಜಯಿನಿಯ ವ್ಯಾಪಾರಿ ಜಯಸೇನ ತುಂಬಿದ ಸಭೆಯಲ್ಲಿ ಹೆಂಡತಿ ಮಂದಾರಿಕೆಯನ್ನು ಹೀಯಾಳಿಸುತ್ತಾನೆ. ಅವಳು ಮಾತಾಡದೆ ತಂದೆಯ ಮನೆಗೆ ಹೋಗುತ್ತಾಳೆ. ಸಭೆ ಖಾಲಿಯಾದ ಮೇಲೆ ಜಯಸೇನ ಒಬ್ಬನೇ ಅಂಗಳದಲ್ಲಿ ನಿಂತಿರುತ್ತಾನೆ. ಬಾಗಿಲ ಕಡೆಗೆ ಒಂದು ಕಾಲು ಎತ್ತುತ್ತಾನೆ. ಎತ್ತಿದ ಕಾಲು ನೆಲಕ್ಕೆ ಇಳಿಯುವ ಮೊದಲೇ ಪರದೆ ಬೀಳುತ್ತದೆ. ಅಷ್ಟಕ್ಕೆ ಬಿಡುವು. ಇದು ತನ್ನ ಮನೆಯ ಕಥೆ, ತನಗಾಗಿಯೇ ಬರೆದದ್ದು ಎಂದು ನೆಲದ ಮೇಲೆ ಕುಳಿತಿದ್ದ ಕುಂಥುನಾಥನಿಗೆ ಅನಿಸಿತು. ಹೊರಗೆ ಓಡಿಬಂದು ಮಾಲಿಂಗಪ್ಪನ ಕೈಯಲ್ಲಿ ಬಿಲ್ಲೆ ಇಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡ.

“ಇವತ್ತ ಕಣ್ಣ ಪಿಳುಕಿಸಬ್ಯಾಡ, ಮಾಲಿಂಗಪ್ಪಾ. ಅಂವ ಕರ್ಯಾಕ ಹೋಗ್ತಾನೋ ಇಲ್ಲೋ, ನನಗ ಅಷ್ಟ ಬೇಕು.”

ಮಾಲಿಂಗಪ್ಪ ಅವನ ಮುಖ ನೋಡಿ, ಆಗಲಿ ಎಂದು ತಲೆಯಾಡಿಸಿದ. ಕುಂಥುನಾಥ ಬೋರ್ಡಿಂಗಿನ ಚಾಪೆಯ ಮೇಲೆ ಹೊರಳಾಡಿ ಬೆಳಗು ಮಾಡಿ, ಹೊತ್ತು ಮೂಡುವುದರೊಳಗೆ ಬಾಗಿಗೆ ಬಂದು ಕುಳಿತ. ಅಂದು ತನ್ನ ಅರ್ಧವನ್ನು, ಜಯಸೇನ ಎತ್ತಿದ ಕಾಲಿನವರೆಗೆ, ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದ. ಮಾಲಿಂಗಪ್ಪ ಶೇಂಗಾ ಸುಲಿಯುತ್ತಲೇ ಇದ್ದ. ಆಮೇಲೆ ನಿಧಾನವಾಗಿ ಹೇಳಿದ:

“ಹೋಗಲಿಲ್ರಿ, ಅಣ್ಣಾರ. ಎತ್ತಿದ ಕಾಲ ಅಲ್ಲೇ ಇಟ್ಟ. ಹಿಂಡ ಬಿಟ್ಟ ಕುರೀ ಬೆನ್ನ ಹತ್ತಿದ್ರ ಇನ್ನೂ ದೂರ ಓಡತೈತಿ ನೋಡ್ರಿ. ನಾವು ನಿಂತಲ್ಲೇ ನಿಂತಿವಿ ಅಂದ್ರ ಅದು ಹೊಳ್ಳಿ ಬರತೈತಿ. ಅಕೀನೂ ಹಂಗ ಬಂದ್ಲು, ತಲಿ ಮ್ಯಾಲ ಸೆರಗ ಹೊತಗೊಂಡು, ತಾನ ಬಾಗಲಾ ತಗದು.”

ಎಷ್ಟು ದಿನಕ್ಕೆ ಬಂದಳು ಎಂದು ಕುಂಥುನಾಥ ಕೇಳಿದ. ಮಾಲಿಂಗಪ್ಪ ಸ್ವಲ್ಪ ಹೊತ್ತು ಆಲೋಚಿಸಿ, ಎರಡು ಮಳೆಗಾಲ ಎಂದ. ಬಂದು ಜಗಳವಾಡಿದಳೇ? ಇಲ್ಲ, ನೀರು ಕಾಸಿ ಕೊಟ್ಟಳು. ಕುಂಥುನಾಥನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಅದೇ ದಿನ ಊರಿಗೆ ಕಾಗದ ಬರೆದ. ಮಂದಾರಿಕಾ ನಾಟಕವನ್ನು ಎರಡು ಪುಟ ಹೊಗಳಿ, ಕಡೆಯ ಪರದೆ ಬೀಳುವವರೆಗೂ ರೆಪ್ಪೆ ಮುಚ್ಚಲಿಲ್ಲ ಎಂದು ಬರೆದ. ದಡ್ಡಿಯ ಸುದ್ದಿ ಎತ್ತಲಿಲ್ಲ. ಓದಲು ಬಾರದ ಜಿನ್ನವ್ವನಿಗೆ ಆ ಕಾಗದವನ್ನು ಓದಿ ಹೇಳಿದವನು ನೆರೆಯ ಅಪ್ಪಣ್ಣ. ಅವನ ಅಕ್ಕನನ್ನು ಕೊಟ್ಟದ್ದು ದಡ್ಡಿಗೆ. ಒಂದು ಮನೆಯಲ್ಲಿ ಓದಿದ್ದನ್ನು ಇನ್ನೊಂದು ಮನೆಗೆ ಮುಟ್ಟಿಸದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಎರಡು ಮಳೆಗಾಲ ಹೋದವು. ಎಲ್ಲೋ ಲೆಕ್ಕ ತಪ್ಪಿರಬೇಕೆಂದು ಅವನು ಮೂರನೆಯದನ್ನು ಕಾದ. ಒಮ್ಮೆ ರಾಜಮತಿಯ ತಂದೆ ಅಪ್ಪಣ್ಣನ ಕೈಯಲ್ಲಿ ಹೇಳಿ ಕಳಿಸಿದ: ಅಳಿಯ ಬರದಿದ್ದರೆ ಬೇಡ, ಯಾರನ್ನಾದರೂ ಕಳಿಸಿ ಒಂದು ಕರೆ ಕೊಡಿ, ಅಷ್ಟೇ ಸಾಕು. ಬಾಗಿಲು ತೆರೆದೇ ಇದೆ, ಬರಲಿ, ಎಂದು ಕುಂಥುನಾಥ ಉತ್ತರ ಕಳಿಸಿದ. ಎಷ್ಟು ಗಂಭೀರವಾಗಿ ಹೇಳಿದೆ ಎಂದು ಅವನಿಗೇ ಮೆಚ್ಚಿಕೆಯಾಯಿತು. ತಾಯಿಯ ಕಣ್ಣು ಮಂಜಾದ ಮೇಲೆ, ೧೯೨೭ರಲ್ಲಿ, ಮುಂಬಯಿ ಬಿಟ್ಟು ಬಂದು ಮೂಡಲಗಿಯಲ್ಲೇ ಬೆಲ್ಲದ ಅಂಗಡಿ ಹಾಕಿದ. ಇನ್ನೊಂದು ಮದುವೆಯಾಗು ಎಂದು ನೆಂಟರು ಗಂಟುಬಿದ್ದರು. ಅವನು ನಕ್ಕು ಸುಮ್ಮನಾದ. ಜಯಸೇನ ಮಾಡಿಕೊಂಡಿದ್ದನೇ? ನಿಂತಲ್ಲೇ ನಿಂತಿದ್ದ. ಇದನ್ನು ಕುಂಥುನಾಥ ನಿಷ್ಠೆ ಎಂದು ತಿಳಿದಿದ್ದ. ಊರಿನವರೂ ಹಾಗೇ ತಿಳಿದು, ಪಾಪ ಒಳ್ಳೆಯ ಮನುಷ್ಯ ಎನ್ನುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಅವನ ನಾಟಕಗಳು ನಡೆದೇ ಇದ್ದವು, ಮೊದಲ ಅರ್ಧ ಮುಂಬಯಿಯದು, ಎರಡನೆಯ ಅರ್ಧ ಮಾಲಿಂಗಪ್ಪನದು. ಮಾಲಿಂಗಪ್ಪನೂ ಮುಂಬಯಿ ಬಿಟ್ಟು ಅರಭಾವಿಗೆ ಬಂದು ಸ್ವಂತ ಕುರಿ ಕಟ್ಟಿದ್ದ. ಸಂತೆಯಲ್ಲಿ ಸಿಕ್ಕರೆ ಇಬ್ಬರೂ ಒಂದು ತಾಸು ಮಾತಾಡಿಯೇ ಅಗಲುತ್ತಿದ್ದರು.

೧೯೩೪ರಲ್ಲಿ ಮುಂಬಯಿಯ ಅದೇ ನಾಟಕ ಕಂಪನಿ ಗೋಕಾಕಕ್ಕೆ ಬಂತು. ಬೋಲಪಟ, ಅಂದರೆ ಮಾತಾಡುವ ಸಿನೆಮಾ, ಬಂದು ದೊಡ್ಡ ಊರುಗಳ ಥೇಟರುಗಳನ್ನೆಲ್ಲ ನುಂಗಿದ ಮೇಲೆ ಇಂಥ ಕಂಪನಿಗಳು ತಾಲೂಕಿನ ಊರುಗಳಲ್ಲಿ ತಗಡಿನ ಮಾಡು ಹಾಕಿಕೊಂಡು ದಿನ ನೂಕುತ್ತಿದ್ದವು. ದೂರದ ಹಳ್ಳಿಗಳ ಬಂಡಿಗಳು ನಡುರಾತ್ರಿಯೊಳಗೆ ಊರು ಸೇರಲೆಂದು ರವಿವಾರ ಮಧ್ಯಾಹ್ನ ಒಂದು ಆಟ ಇಟ್ಟಿದ್ದರು. ಆ ರವಿವಾರದ್ದು “ಮಂದಾರಿಕಾ”. ಕುಂಥುನಾಥ ಬಂಡಿ ಕಟ್ಟಿಸಿ ಅಪ್ಪಣ್ಣನನ್ನೂ ಇನ್ನು ನಾಲ್ಕು ಜನರನ್ನೂ ತನ್ನ ಖರ್ಚಿನಲ್ಲಿ ಕರೆದುಕೊಂಡು ಹೋದ. ಜೀವಮಾನದಲ್ಲಿ ಮೊದಲನೆಯ ಸಲ ಖುರ್ಚಿಯ ಟಿಕೇಟು ತೆಗೆಸಿದ.

ಮೊದಲ ಅರ್ಧದ ಒಂದೊಂದು ಪದವನ್ನೂ ಅವನು ನಟರ ಜೊತೆಗೆ ತುಟಿಯಲ್ಲೇ ಹಾಡಿದ. ಮಂದಾರಿಕೆಯ ಪಾತ್ರ ಮಾಡುವವನು ಮುಂಬಯಿಯ ಆ ನಟನೇ, ಈಗ ಹೊಟ್ಟೆ ಬಂದಿತ್ತು, ಧ್ವನಿ ಮಾತ್ರ ಹಾಗೇ ಇತ್ತು. ಜಯಸೇನ ಕಾಲೆತ್ತಿದ, ಪರದೆ ಬಿತ್ತು. ಕುಂಥುನಾಥ ಎದ್ದು ಹೊರಗೆ ಹೋಗಲಿಲ್ಲ. ಈ ಖುರ್ಚಿಯಿಂದ ತನ್ನನ್ನು ಎಬ್ಬಿಸುವವರು ಯಾರೂ ಇಲ್ಲವೆಂಬ ಸಂತೋಷಕ್ಕೆ ಕಾಲು ಚಾಚಿ ಕುಳಿತ. ಮುಂದೆ ಏನಾಗುತ್ತದೆ ಎಂದು ಜೊತೆಯವರು ಕೇಳಿದಾಗ, ಎರಡು ಮಳೆಗಾಲ ಕಳೆದ ಮೇಲೆ ಅವಳೇ ತಲೆಯ ಮೇಲೆ ಸೆರಗು ಹೊದ್ದು ಬರುತ್ತಾಳೆ, ಕಣ್ಣೀರು ಬರುವಂಥ ಪ್ರವೇಶ, ನೋಡುತ್ತಿರಿ ಎಂದ. ಹಿಂದಿನ ಸಾಲಿನವರೂ ಕಿವಿಗೊಟ್ಟು ಕೇಳಿದರು.

ಪರದೆ ಎದ್ದಿತು. ಮಂದಾರಿಕೆ ತಂದೆಯ ಮನೆಯಲ್ಲಿದ್ದಾಳೆ. ಒಳಗೆಲ್ಲೋ ಎತ್ತಿನ ಗೆಜ್ಜೆಯ ಸಪ್ಪಳ ಮಾಡಿದರು. ಅವಳು ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಓಡಿದಳು. ಬಂದದ್ದು ಬೇರೆ ಬಂಡಿ. ಮುಂದಿನ ಪ್ರವೇಶದಲ್ಲಿ ಮತ್ತೆ ಗೆಜ್ಜೆ, ಮತ್ತೆ ಬಾಗಿಲು. ಅತ್ತ ಉಜ್ಜಯಿನಿಯಲ್ಲಿ ಜಯಸೇನನ ಗೆಳೆಯನೊಬ್ಬ, ಹೋಗಬೇಡ, ಗಂಡಸು ಬಗ್ಗಬಾರದು ಎಂದು ಅವನ ಕಿವಿ ಊದುತ್ತಿದ್ದ. ಕುಂಥುನಾಥ ಮುಂದಕ್ಕೆ ಬಾಗಿ ಕುಳಿತ. ಈಗ ಬರುತ್ತಾಳೆ, ಇನ್ನೇನು ಬರುತ್ತಾಳೆ. ಅವಳು ಬರಲಿಲ್ಲ. ಕಡೆಯ ಅಂಕದಲ್ಲಿ ಜಯಸೇನನೇ ಹೊರಟ. ಅವನು ಅವಳ ಬಾಗಿಲು ಮುಟ್ಟಿದಾಗ ಅಂಗಳದಲ್ಲಿ ಹೆಣ ಮಲಗಿಸಿದ್ದರು. ಕರೆಯೊಂದು ಬಂದಿದ್ದರೆ ಉಳಿಯುತ್ತಿದ್ದಳು ಎಂದು ದಾಸಿ ಹಾಡಿದಳು.

ಕುಂಥುನಾಥ ಎದ್ದು ನಿಂತಿದ್ದ. ಇದು ಹೀಗಿಲ್ಲ, ನೀವು ಬದಲಿ ಮಾಡೀರಿ, ಎಂದು ರಂಗದ ಕಡೆ ಕೈ ಚಾಚಿ ಒದರುತ್ತಿದ್ದ. ಹಿಂದಿನವರು ಕುಳಿತುಕೊಳ್ಳಿರೆಂದು ಬೈದರು. ಅಪ್ಪಣ್ಣ ಕೋಟಿನ ಚುಂಗು ಹಿಡಿದು ಎಳೆದ. ಅದನ್ನು ಕೊಡವಿಕೊಂಡು ಅವನು ಪರದೆಯ ಹಿಂದಕ್ಕೆ ನುಗ್ಗಿದ. ಸತ್ತಿದ್ದ ಮಂದಾರಿಕೆ ಎದ್ದು, ಕೂದಲಿನ ಟೋಪ ತೆಗೆದಿಟ್ಟು, ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಮುಂಬಯಿಯಲ್ಲಿ ಈ ನಾಟಕದ ಕೊನೆ ಬೇರೆ ಇತ್ತಲ್ಲ ಎಂದು ಕುಂಥುನಾಥ ಕೇಳಿದ. ನಟ ಅವನನ್ನು ಮೇಲೆ ಕೆಳಗೆ ನೋಡಿ ಮರಾಠಿಯಲ್ಲಿ ಹೇಳಿದ: ಹದಿಮೂರು ವರ್ಷದಿಂದ ಈ ನಾಟಕದಲ್ಲಿ ತಾನು ಸಾಯುತ್ತಲೇ ಇದ್ದೇನೆ, ಒಂದು ದಿನವೂ ಬದುಕಿದ್ದಿಲ್ಲ, ಮುಂಬಯಿಯಲ್ಲಂತೂ ಸತ್ತದ್ದಕ್ಕೆ ವನ್ಸ್ ಮೋರ್ ಬೀಳುತ್ತಿತ್ತು.

ಕುಂಥುನಾಥ ಬಂಡಿ ಹತ್ತಲಿಲ್ಲ. ಗೋಕಾಕದಲ್ಲೇ ಪರಿಚಯದವರ ಅಂಗಡಿಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಅರಭಾವಿಗೆ ನಡೆದ. ಮಾಲಿಂಗಪ್ಪ ಹಟ್ಟಿಯ ಮುಂದೆ ಒಂದು ಕುರಿಯನ್ನು ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಕುಂಥುನಾಥ ನಿಂತುಕೊಂಡೇ, ಮಂದಾರಿಕಾ ನಾಟಕದ ಎರಡನೆಯ ಅರ್ಧ ನಿನ್ನೆ ನೋಡಿದೆ ಎಂದ. ಮಾಲಿಂಗಪ್ಪನ ಕತ್ತರಿ ನಿಂತಿತು. ಅವನು ಸುಳ್ಳು ಹೇಳಲು ಹೋಗಲಿಲ್ಲ, ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಮೊದಲ ನಾಲ್ಕು ಶನಿವಾರ ನಾನು ಒಳಗೆ ಹೋದದ್ದು ನಿಜ ಎಂದ, ಬೆಳಗಿನಿಂದ ಗಂಟು ಹೊತ್ತ ಮೈ, ಹೋಗಿ ಕುಳಿತ ಕೂಡಲೇ ನಿದ್ದೆ. ಐದನೆಯ ಶನಿವಾರ ಬಾಗಿಲಲ್ಲಿ ಒಬ್ಬ ಬಿಲ್ಲೆಗೆ ಆರಾಣೆ ಕೊಡುತ್ತೇನೆಂದ. ಕೊಟ್ಟುಬಿಟ್ಟೆ. ಅಲ್ಲಿಂದ ಮುಂದೆ ಪ್ರತಿ ವಾರ ಕೊಟ್ಟೆ. ಕೊನೆಗಳನ್ನೆಲ್ಲ ರವಿವಾರ ಬೆಳಿಗ್ಗೆ ಬಾಗಿಗೆ ಬರುವ ದಾರಿಯಲ್ಲಿ ಕಟ್ಟುತ್ತಿದ್ದೆ. ಆ ಮಂದಾರಿಕಾ ಆಡಿದ ದಿನವೂ ಕೊಟ್ಟೆಯಾ ಎಂದು ಕುಂಥುನಾಥ ಕೇಳಿದ. ಮಾಲಿಂಗಪ್ಪ ಹೌದೆಂದು ತಲೆಯಾಡಿಸಿದ.

ಎಂಟು ವರ್ಷ ಒಂದೇ ಬೆಂಚಿನ ಮೇಲೆ ಕುಳಿತವನು, ಒಡಹುಟ್ಟಿದವನಿಗಿಂತ ಹೆಚ್ಚೆಂದು ನಂಬಿದವನು, ಬಾಯಿಗೆ ಬಂದದ್ದನ್ನು ಹೇಳಿ ತನ್ನ ಸಂಸಾರ ಮುರಿದ. ಕುಂಥುನಾಥ ಅದನ್ನೇ ಬಾಯಿಬಿಟ್ಟು ಹೇಳಿದ. ಸಂಸಾರ ಎಂಬ ಮಾತು ಕೇಳಿ ಮಾಲಿಂಗಪ್ಪ ಬೆಪ್ಪಾದ. ಹೆಂಡತಿ ತವರಿಗೆ ಹೋದ ಸಂಗತಿಯನ್ನು ಕುಂಥುನಾಥ ಆಗಲೂ ಹೇಳಿರಲಿಲ್ಲ, ಊರಿಗೆ ಬಂದ ಮೇಲಿನ ಸಂತೆಗಳಲ್ಲೂ ಹೇಳಿರಲಿಲ್ಲ. ಈಗ ಹೇಳಿದ. ಕೇಳಿದ ಮೇಲೆ ಮಾಲಿಂಗಪ್ಪ ಕುರಿಯನ್ನು ಬಿಟ್ಟು, ಕೈ ಒರೆಸಿಕೊಂಡು ನೆಲಕ್ಕೆ ಕುಳಿತ.

“ನೀವು ನಾಟಕ ಕೇಳಾಕತ್ತೀರಿ ಅಂತ ತಿಳದಿದ್ನಿ, ಅಣ್ಣಾರ. ಮನೀ ವಿಚಾರ ಕೇಳಾಕತ್ತೀರಿ ಅಂತ ನನಗೇನ ಗೊತ್ತು? ವಾರಾ ಪೂರ್ತಿ ಆ ಊರಾಗ ನನ್ನ ಮಾತ ತಿಳಿಯೋರು ಒಬ್ರೂ ಇರಲಿಲ್ಲ. ರವಿವಾರ ನೀವೊಬ್ರ ಕುಂತ ಕೇಳ್ತಿದ್ರಿ. ನನಗ ನಿದ್ದಿ ಬರತೈತಿ ಅಂದಿದ್ರ ನೀವು ಬ್ಯಾರೇ ಜೋಡಿ ನೋಡಕೊಂತಿದ್ರಿ.”

ನೋಡಿಕೊಳ್ಳುತ್ತಿದ್ದೆ ಎಂಬುದು ಕುಂಥುನಾಥನಿಗೂ ಗೊತ್ತಿತ್ತು. ಅದು ಗೊತ್ತಿದ್ದುದರಿಂದ ಸಿಟ್ಟು ಇನ್ನಷ್ಟು ಏರಿತು. ಇನ್ನು ನನಗೆ ಮುಖ ತೋರಿಸಬೇಡ ಎಂದು ಹೇಳಿ ಹೊರಟ. ಮಾಲಿಂಗಪ್ಪ ಕೂಗಿ ಕರೆಯಲಿಲ್ಲ. ಘಟಪ್ರಭಾದಲ್ಲಿ ರೈಲು, ಇಳಿದ ಮೇಲೆ ಬಾಡಿಗೆ ಬಂಡಿ, ಕಡೆಗೆ ಕಾಲ್ನಡಿಗೆ, ಹೀಗೆ ಮರುದಿನ ಹೊತ್ತು ನೆತ್ತಿಗೆ ಬಂದಾಗ ಅವನು ದಡ್ಡಿ ಮುಟ್ಟಿದ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಒಂದೇ ಮಾತು ತಯಾರಾಗುತ್ತಿತ್ತು: ನಾನು ಕೆಟ್ಟವನಲ್ಲ, ನನಗೆ ಮೋಸವಾಯಿತು. ಇದನ್ನು ಕೇಳಿದರೆ ರಾಜಮತಿ ಕರಗುತ್ತಾಳೆ, ಇಬ್ಬರೂ ಸೇರಿ ಆ ಕುರುಬನನ್ನು ಬೈಯಬಹುದು, ಬೈಯುತ್ತ ಬೈಯುತ್ತ ಬಂಡಿ ಹತ್ತಬಹುದು.

ರಾಜಮತಿ ಬಸದಿಯ ಪಕ್ಕದ ಪಾಠಶಾಲೆಯಲ್ಲಿದ್ದಳು. ತವರಿಗೆ ಬಂದ ಮೇಲೆ ಅಣ್ಣನ ಹತ್ತಿರ ಓದುಬರಹ ಕಲಿತು, ಆರು ವರ್ಷದಿಂದ ಊರಿನ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನನ್ನು ನೋಡಿ ಗಾಬರಿಯಾಗಲಿಲ್ಲ. ಹುಡುಗಿಯರಿಗೆ ಮಗ್ಗಿ ಬಾಯಿಪಾಠ ಮಾಡಲು ಹೇಳಿ ಹೊರಗಿನ ಕಟ್ಟೆಗೆ ಬಂದು, ಕೂಡಲು ಚಾಪೆ ಹಾಕಿ, ನೀರು ತಂದಿಟ್ಟಳು. ಕುಂಥುನಾಥ ಎಲ್ಲವನ್ನೂ ಹೇಳಿದ: ಬೋರ್ಡಿಂಗಿನ ಬಾಗಿಲು, ಒಂದು ಟಿಕೇಟು, ತಗಡಿನ ಬಿಲ್ಲೆ, ಮಾಲಿಂಗಪ್ಪ ಕಟ್ಟಿದ ಕೊನೆಗಳು, ಎರಡು ಮಳೆಗಾಲ, ಗೋಕಾಕದಲ್ಲಿ ಕಂಡದ್ದು. ನಂಬಿದವನೇ ಕುತ್ತಿಗೆ ಕೊಯ್ದ ಎಂದು ಮೂರು ಸಲ ಹೇಳಿದ. ಪಡಸಾಲೆಯಲ್ಲಿ ನಡೆದು ತೋರಿಸಿದ್ದು ತನ್ನ ತಪ್ಪೆಂದೂ ಹೇಳಿದ, ಆದರೆ ಅದನ್ನು ಒಂದೇ ಸಲ.

ಆ ನಾಟಕ ತಾನೂ ನೋಡಿದ್ದೇನೆ ಎಂದು ರಾಜಮತಿ ಹೇಳಿದಳು. ತವರಿಗೆ ಬಂದ ಎರಡನೆಯ ವರ್ಷ ಅಣ್ಣ ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿದ್ದ. ಹೆಂಗಸರ ಗ್ಯಾಲರಿಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಅದಕ್ಕೂ ಮೊದಲೇ ಮುಂಬಯಿಯ ಕಾಗದದ ಸುದ್ದಿ ಅಪ್ಪಣ್ಣನ ಬಾಯಿಂದ ದಡ್ಡಿಗೆ ಬಂದಿತ್ತು.

“ಕಡೀತನಕ ಕಣ್ಣ ಮುಚ್ಚಲಿಲ್ಲ ಅಂತ ನೀವು ಬರದಿದ್ರಿ. ಅಕಿ ಬಾಗಲದಾಗ ನಿಂತು ನಿಂತು ಸತ್ತದ್ದ ನೋಡೀರಿ, ನೋಡೀನೂ ನನ್ನ ಕರ್ಯಾಕ ಬರಲಿಲ್ಲ ಅಂತ ತಿಳಕೊಂಡ್ನಿ. ನೀವು ನನ್ನ ನಡಿಗಿ ಮಾಡಿ ನಕ್ಕದ್ದ ನಾ ಎಂಟ ದಿನದಾಗ ಮರತಿದ್ನಿ. ಇದನ್ನ ಮರ್ಯಾಕ ಆಗಲಿಲ್ಲ.”

ನಾಲ್ಕು ವರ್ಷ ಬಂಡಿಯ ಸಪ್ಪಳಕ್ಕೆಲ್ಲ ಎದ್ದು ಹೋದೆ, ಐದನೆಯ ವರ್ಷ ಬಿಟ್ಟೆ, ಎಂದು ಅವಳು ಹೇಳಿದಳು. ಮಂದಾರಿಕೆಯಂತೆ ಸಾಯುವುದಕ್ಕೆ ಪುರುಸೊತ್ತು ಆಗಲಿಲ್ಲ, ಹುಡುಗಿಯರು ಬರತೊಡಗಿದ್ದರು. ಇಷ್ಟನ್ನೂ ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಾಗಿದ್ದರೆ ಅವನಿಗೆ ಆಸೆ ಇರುತ್ತಿತ್ತು. ಈಗಲಾದರೂ ಬಾ, ಕರೆಯಲು ಬಂದಿದ್ದೇನೆ, ಎಂದು ಅವನು ಕಡೆಗೂ ಅಂದ. ಆ ನಾಲ್ಕು ವರ್ಷ ಅವಳು ಕಾದದ್ದು ಇದೊಂದೇ ಮಾತಿಗೆ. ಅವಳು ಒಳಗಿನಿಂದ ಬರುತ್ತಿದ್ದ ಮಗ್ಗಿಯ ಸದ್ದಿಗೆ ಒಂದು ಕ್ಷಣ ಕಿವಿಗೊಟ್ಟು, ಇಲ್ಲವೆಂದು ತಲೆಯಾಡಿಸಿ ಎದ್ದಳು. ಬಾಗಿಲ ಹತ್ತಿರ ನಿಂತು ಹೊಳ್ಳಿ ನೋಡಿದಳು.

“ಆ ಮಾಲಿಂಗಪ್ಪಗ ಬೈಬ್ಯಾಡ್ರಿ. ನಾ ಅರ್ಧಾನ ನೋಡೀನಿ ಅಂತ ಮನೀಗಿ ಒಂದ ಮಾತ ಬರದಿದ್ರ, ಉಳದರ್ಧಾ ನಾನ ಹೇಳಿ ಕಳಸ್ತಿದ್ನಿ.”